ಮೂರನೆಯದಕ್ಕೂ ನಾನೇ ಪಾಸು

ನಾನು ಒಂದು ಮರದ ಬಿಲ್ಲೆ. ಅಂಗೈಯಗಲ ಮೈ, ನೆತ್ತಿಯಲ್ಲೊಂದು ತೂತು, ತೂತಿನಲ್ಲೊಂದು ದಾರ. ಹುಟ್ಟಿದ್ದು ಚನ್ನಪಟ್ಟಣದಲ್ಲಿ, ಆಟಿಕೆ ಮಾಡುವವರ ಮನೆಯಲ್ಲಿ. ನನ್ನ ಜೊತೆ ಹುಟ್ಟಿದವರೆಲ್ಲ ಆಟದ ಗಾಡಿಗೆ ಚಕ್ರಗಳಾಗಿ ಹೋದರು. ನನಗೂ ಅದೇ ಬರೆದಿತ್ತು. ಆದರೆ ಅವತ್ತೇ ಮದ್ದೂರಿನ ಹತ್ತಿರದ ಒಂದು ಗಾರ್ಮೆಂಟ್ಸ್‌ನಿಂದ ಹನ್ನೆರಡು ಬಿಲ್ಲೆ ಬೇಕೆಂದು ಫೋನ್ ಬಂತು. ಕಾದ ಕಬ್ಬಿಣದಲ್ಲಿ ನನ್ನ ಬೆನ್ನ ಮೇಲೆ ‘ಲೈನ್ 7’ ಎಂದು ಸುಟ್ಟು ಬರೆದರು. ಉರುಳಬೇಕಾದವನು ಹೀಗೆ ಕೊರಳಿಗೆ ಉರುಳಾದೆ.

ಅಲ್ಲಿ ಶರ್ಟು ಹೊಲಿಯುತ್ತಾರೆ. ಏಳನೇ ಲೈನಿನಲ್ಲಿ ಅರವತ್ತು ಹೆಂಗಸರು, ಒಬ್ಬ ಸೂಪರ್‌ವೈಸರ್ ಕೆಂಪರಾಜು, ಒಬ್ಬನೇ ನಾನು. ಕೆಂಪರಾಜು ಅವರ ಟೇಬಲ್ ಪಕ್ಕದ ಮೊಳೆಯೇ ನನ್ನ ಮನೆ. ಟಾಯ್ಲೆಟ್‌ಗೆ ಹೋಗುವವರು ನನ್ನನ್ನು ಕೊರಳಿಗೆ ಹಾಕಿಕೊಂಡೇ ಹೋಗಬೇಕು, ಐದು ನಿಮಿಷದಲ್ಲಿ ಬರಬೇಕು. ಅಲ್ಲಿಯವರೆಗೆ ಉಳಿದ ಐವತ್ತೊಂಬತ್ತು ಜನ ತಡೆದುಕೊಂಡಿರಬೇಕು. “ಓದದೇನೇ ಪಾಸಾಗೋ ಜಾಗ ಇದೊಂದೇ ಕಣ್ರೇ” ಎಂದು ತೋಳು ಹೊಲಿಯುವ ಮುಬೀನಾ ನಗುತ್ತಿದ್ದಳು. ನಗುವಿನ ಕತೆ ಅಷ್ಟೆ. ಬೆಳಿಗ್ಗೆ ತುಂಬಿಸಿ ತಂದ ನೀರಿನ ಬಾಟಲಿ ಸಂಜೆ ತುಂಬಿಕೊಂಡೇ ಮನೆಗೆ ಹೋಗುತ್ತಿತ್ತು.

ಟಾಯ್ಲೆಟ್ ಬಾಗಿಲ ಹಿಂದೆ ನನ್ನನ್ನು ತಗುಲಿಹಾಕಲು ಒಂದು ಕೊಕ್ಕೆಯಿದೆ. ನಾನು ಬಾಗಿಲ ಕಡೆಗೇ ಮುಖ ಮಾಡಿಕೊಂಡಿರುತ್ತೇನೆ. ಮರಕ್ಕೂ ಮರ್ಯಾದೆ ಇದೆ. ಆದರೆ ಕಿವಿ ಮುಚ್ಚಿಕೊಳ್ಳಲು ಕೈಯಿಲ್ಲ. ಕೆಲವರು ಒಳಗೆ ಬಂದವರೇ ಮೊದಲು ನಲ್ಲಿ ತಿರುಗಿಸುತ್ತಿದ್ದರು. ನೀರು ಜೋರಾಗಿ ಸುರಿಯುತ್ತಿದ್ದರೆ ಅಳು ಆಚೆಗೆ ಕೇಳಿಸುವುದಿಲ್ಲ.

ಹೆಚ್ಚು ಹೊತ್ತು ನಲ್ಲಿ ತಿರುಗಿಸುತ್ತಿದ್ದವಳು ಶಿವರುದ್ರಮ್ಮ. ಕಾಲರ್ ಹೊಲಿಯುವುದರಲ್ಲಿ ಅವಳ ಕೈಗೆ ಸಾಟಿಯಿರಲಿಲ್ಲ. ತಂಗಿ ಹಠಾತ್ತಾಗಿ ತೀರಿಕೊಂಡ ಮೇಲೆ ಮೆಷಿನ್ ಮುಂದೆ ಕೂತರೆ ಅದೇ ಕೈ ನಡುಗುತ್ತಿತ್ತು, ಎದೆ ಹೊಡೆದುಕೊಳ್ಳುತ್ತಿತ್ತು. ಮಂಡ್ಯದ ಆಸ್ಪತ್ರೆಯ ಡಾಕ್ಟರು ಚೀಟಿ ಬರೆದುಕೊಟ್ಟಿದ್ದರು: ಸ್ವಲ್ಪ ದಿನ ಅವಸರವಿಲ್ಲದ ಕೆಲಸ ಕೊಡಿ.

“ಸಾ, ಎರಡು ತಿಂಗ್ಳು ಗುಂಡಿ ಹಾಕೋ ಕಡೆಗೆ ಕಳ್ಸಿ ಸಾ. ಕೈ ನಿಲ್ಲಾಕಿಲ್ಲ.”

“ನಿನ್ನಂಗೆ ಕಾಲರ್ ಹೊಲಿಯೋರು ಯಾರವ್ರೆ ಹೇಳವ್ವ? ಚೀಟಿ ಮಡಗೋಗು, ನೋಡವ.”

ಚೀಟಿ ಕೆಂಪರಾಜು ಅವರ ಟೇಬಲ್ ಗಾಜಿನ ಕೆಳಗೆ ಹೋಯಿತು. ಮಾರನೆಯ ದಿನ ಅದರ ಮೇಲೆ ಟಾರ್ಗೆಟ್ ಹಾಳೆ ಬಂದು ಕೂತಿತು.

ಅಷ್ಟರಲ್ಲಿ ಹೆಡ್ ಆಫೀಸಿಗೆ ನಮ್ಮೆಲ್ಲರ ಮನಸ್ಸಿನ ಚಿಂತೆ ಹತ್ತಿತು. ಎಚ್‌ಆರ್ ಸುಹಾಸಿನಿ ಮೇಡಂ ‘ಮನಸ್ಸಿನ ಆರೋಗ್ಯ ಸಪ್ತಾಹ’ ಮಾಡಿದರು. ಬಲೂನು ಕಟ್ಟಿದರು. ‘ನಿಮ್ಮ ನಗುವೇ ನಮ್ಮ ನೂಲು’ ಎಂದು ಬ್ಯಾನರ್ ತೂಗಿತು. ಮೈಸೂರಿನಿಂದ ಬಂದವರೊಬ್ಬರು ಒಂದು ಗಂಟೆ ಉಸಿರಾಡುವುದನ್ನು ಹೇಳಿಕೊಟ್ಟರು. ಆ ಗಂಟೆಯ ಕೆಲಸ ತುಂಬಿಸಲು ಎಲ್ಲರೂ ಸಂಜೆ ಒಂದು ಗಂಟೆ ಹೆಚ್ಚು ಕೂತು ಉಸಿರು ಬಿಟ್ಟರು.

ಕೊನೆಯ ದಿನ ಎಲ್ಲ ಲೈನಿನ ಬಿಲ್ಲೆಗಳ ಸರದಿ, ನನ್ನದೂ. ನನ್ನ ಹೊಟ್ಟೆಗೆ ಹಳದಿ ಬಣ್ಣ ಬಳಿದು, ಎರಡು ಕಣ್ಣು, ಒಂದು ನಗುವ ಬಾಯಿ ಬರೆದರು. ಇನ್ನು ಮೇಲೆ ನಾನು ನೆಮ್ಮದಿ ಪಾಸ್. ಬೇಜಾರಾದವರು ನನ್ನನ್ನು ಹಾಕಿಕೊಂಡು ಹೋಗಿ ಐದು ನಿಮಿಷ ಸುಧಾರಿಸಿಕೊಂಡು ಬರಬಹುದು. ಇನ್ನೊಂದು ಬಿಲ್ಲೆ ಮಾಡಿಸುವುದು ಮಾತ್ರ ಯಾರಿಗೂ ಹೊಳೆಯಲಿಲ್ಲ. ಮೂತ್ರಕ್ಕೂ ದುಃಖಕ್ಕೂ ಒಂದೇ ಕ್ಯೂ ಆಯಿತು. ಯಾವುದಕ್ಕೆ ಹೋಗುತ್ತಿದ್ದಾರೆಂದು ಬರೆದಿಡಬೇಕಲ್ಲ, ಕೆಂಪರಾಜು ಲೈನಿಗೆಲ್ಲ ಕೇಳುವಂತೆ ಕೂಗುತ್ತಿದ್ದರು: “ಏನಮ್ಮೋ, ಒಂದನೇದಾ, ಎರಡನೇದಾ, ಮೂರನೇದಾ?”

ಮೂರನೇದು ಅಂದರೆ ಅಳು.

ದಿನಕ್ಕೆ ಮೂರು ಸಲ ಮೂರನೇದಕ್ಕೆ ಹೋಗುತ್ತಿದ್ದವಳು ಶಿವರುದ್ರಮ್ಮ ಒಬ್ಬಳೇ. ಮೇಡಂಗೆ ಖುಷಿಯೋ ಖುಷಿ. ಯೋಜನೆಯನ್ನು ಎಲ್ಲರಿಗಿಂತ ಚೆನ್ನಾಗಿ ಬಳಸಿಕೊಂಡಿದ್ದಕ್ಕೆ ಅವಳಿಗೆ ಗುಲಾಬಿ ಹೂ ಕೊಟ್ಟು ಫೋಟೊ ಹೊಡೆಸಿದರು. ಅದೇ ದಿನ ಮಧ್ಯಾಹ್ನ, ಪದೇ ಪದೇ ಸೀಟು ಬಿಡುತ್ತಾಳೆಂದು ಕೆಂಪರಾಜು ಮೆಮೊ ಕೊಟ್ಟರು. ಅದು ಅವಳಿಗೆ ಸಿಕ್ಕ ಎರಡನೇ ಮೆಮೊ. ಮೂರಾದರೆ ಕೆಲಸ ಹೋಗುತ್ತದೆ.

“ಇವೆರಡ್ರಲ್ಲಿ ಯಾವ್ದ ನಂಬ್ಲಿ ಮುಬೀನಾ?”

“ಗುಲಾಬಿ ಬಾಡೋಯ್ತದೆ ಕಣಕ್ಕ. ಮೆಮೊ ಬಾಡಾಕಿಲ್ಲ.”

ಅವತ್ತಿನಿಂದ ಶಿವರುದ್ರಮ್ಮ ನನ್ನನ್ನು ಮುಟ್ಟಲಿಲ್ಲ. ಅಳು ಹೊಟ್ಟೆಯಲ್ಲೇ ಉಳಿಯಿತು, ನಡುಕ ಕೈಗಿಳಿಯಿತು. ಕಾಲರುಗಳು ಸೊಟ್ಟಗಾದವು. ಕಟ್ಟುಗಟ್ಟಲೆ ಶರ್ಟು ವಾಪಸ್ ಬಂತು. ನಾನು ಮೊಳೆಯ ಮೇಲೆ ನಗುತ್ತಾ ನೇತಾಡಿಕೊಂಡು ಎಲ್ಲ ನೋಡಿದೆ. ಸಿಟ್ಟು ಬಂದರೂ ಹಲ್ಲು ಕಡಿಯುವಂತಿಲ್ಲ. ನನಗೆ ಬರೆದಿದ್ದು ಬರೀ ನಗು.

ಕೆಂಪರಾಜು ಮೂರನೇ ಮೆಮೊಗೆ ಹಾಳೆ ತೆಗೆದು ಶಿವರುದ್ರಮ್ಮನ ಹೆಸರು ಬರೆದಿದ್ದರು. ಆಗಲೇ ಮ್ಯಾನೇಜರ್ ಬಂದರು, ಸೊಟ್ಟ ಕಾಲರಿನ ಶರ್ಟೊಂದನ್ನು ಹಿಡಿದು.

“ಹೆಂಗಸರ ಹತ್ರ ಕೆಲಸ ತೆಗೆಯೋಕೆ ಬರಲ್ಲ ಅಂದ್ರೆ ನೀನೂ ಸೀರೆ ಉಟ್ಕೊಂಡು ಮೆಷಿನ್ ಮುಂದೆ ಕೂತ್ಕೊಳಯ್ಯ!” ಎಂದು ಅರವತ್ತು ಜನರೆದುರು ಶರ್ಟನ್ನು ಅವರ ಮುಖಕ್ಕೆಸೆದು ಹೋದರು.

ಕೆಂಪರಾಜು ಬಿದ್ದ ಶರ್ಟನ್ನು ಎತ್ತಿ ಟೇಬಲ್ ಮೇಲಿಟ್ಟರು. ಆಮೇಲೆ ಅವರ ಕೈ ತಾನಾಗಿ ಮೊಳೆಯ ಕಡೆ ಬಂತು. ಹನ್ನೆರಡು ವರ್ಷ ಬೇರೆಯವರ ಕೊರಳಿಗೆ ಹಾಕಿಸಿದ್ದನ್ನು ಯಾವ ಜ್ಞಾನದಲ್ಲೋ ತಮ್ಮ ಕೊರಳಿಗೇ ಹಾಕಿಕೊಂಡು ಗಂಡಸರ ಟಾಯ್ಲೆಟ್‌ಗೆ ನಡೆದರು. ಚಿಲಕ ಹಾಕಿದರು. ನಲ್ಲಿ ತಿರುಗಿಸಿದರು.

ಆ ಸದ್ದು ನನಗೆ ಗೊತ್ತು. ಈ ಮನುಷ್ಯನಿಗೂ ಗೊತ್ತಿರಬಹುದೆಂದು ಮಾತ್ರ ಗೊತ್ತಿರಲಿಲ್ಲ.

ಲೈನಿಗೆ ವಾಪಸ್ ಬಂದಾಗ ಅವರ ಕಣ್ಣು ಕೆಂಪಗಿತ್ತು, ಎದೆಯ ಮೇಲೆ ನಾನು ನಗುತ್ತಿದ್ದೆ. ಒಂದೊಂದಾಗಿ ಮೆಷಿನ್‌ಗಳು ನಿಂತವು.

“ಹನ್ನೊಂದು ನಿಮಿಷ ಆಯ್ತು ಸಾ” ಎಂದಳು ಮುಬೀನಾ. “ಒಂದನೇದಾ, ಎರಡನೇದಾ?”

ಯಾರೋ ಕಿಸಕ್ಕೆಂದರು. ಕೆಂಪರಾಜು ಬಗ್ಗಿ ನನ್ನನ್ನು ನೋಡಿದರು, ಮೊದಲ ಸಲ ನೋಡಿದವರಂತೆ.

“ಮೂರನೇದು ಕಣವ್ವ” ಎಂದರು.

ಅವರು ಶಿವರುದ್ರಮ್ಮನ ಕಡೆ ತಿರುಗಿದರು. “ಆ ಡಾಕ್ಟ್ರು ಚೀಟಿ ಎಲ್ಲವ್ವ?”

“ನಿಮ್ಮ ಟೇಬಲ್ ಗಾಜಿನ ಕೆಳಗೇ ಅದೆ ಸಾ. ತಿಂಗ್ಳಾಯ್ತು.”

ಟಾರ್ಗೆಟ್ ಹಾಳೆ ಎಳೆದು ಚೀಟಿ ತೆಗೆದರು, ನಿಂತುಕೊಂಡೇ ಎರಡು ಸಲ ಓದಿದರು. ಮೆಮೊ ಹಾಳೆಯನ್ನು ನಾಲ್ಕು ಚೂರು ಮಾಡಿದರು. “ನಾಳೆಯಿಂದ ಗುಂಡಿ ಕಡೆಗೋಗು. ಕಾಲರ್ ಮುಬೀನಾ ಕಲ್ತ್ಕತಾಳೆ.”

“ನಾನಾ?” ಎಂದಳು ಮುಬೀನಾ. “ಬಾಯಿ ಬುಟ್ಟಿದ್ದೇ ತಪ್ಪಾಯ್ತು.”

ಒಂದು ವಾರ ಟಾರ್ಗೆಟ್ ಬಿತ್ತು, ಕೆಂಪರಾಜು ಬೈಸಿಕೊಂಡರು. ಆಮೇಲೆ ಲೈನು ಚೇತರಿಸಿಕೊಂಡಿತು. ನನ್ನನ್ನು ಡ್ರಾಯರ್‌ಗೆ ಹಾಕಿ, ಮೊಳೆ ಕಿತ್ತರು. ಬೇಕಾದವರು ಎದ್ದು ಹೋಗುತ್ತಿದ್ದರು, ಬರುತ್ತಿದ್ದರು. ಬಾಟಲಿಗಳು ಖಾಲಿಯಾಗಿ ಮನೆಗೆ ಹೋಗತೊಡಗಿದವು. ಗುಂಡಿ ಹಾಕುವ ಕಡೆಯಿಂದ ಶಿವರುದ್ರಮ್ಮ ಒಮ್ಮೊಮ್ಮೆ ನಗುವುದು ಡ್ರಾಯರ್‌ಗೂ ಕೇಳಿಸುತ್ತಿತ್ತು. ಉಪಯೋಗಕ್ಕೆ ಬಾರದೆ ಬಿದ್ದಿದ್ದ ಆ ದಿನಗಳೇ ನನ್ನ ಬಾಳಿನ ನೆಮ್ಮದಿ.

ಮುಂದಿನ ತಿಂಗಳ ಕೊನೆಗೆ ಸುಹಾಸಿನಿ ಮೇಡಂ ಆ ತಿಂಗಳ ವರದಿ ಹಿಡಿದು ಬಂದರು.

“ಕೆಂಪರಾಜು, ಒಂಬತ್ತನೇ ಲೈನಲ್ಲಿ ಇನ್ನೂರಕ್ಕೂ ಹೆಚ್ಚು ಸಲ ನೆಮ್ಮದಿ ಪಾಸ್ ಬಳಸಿದಾರೆ. ನಿಮ್ಮ ಲೈನಲ್ಲಿ ಸೊನ್ನೆ! ಮನಸ್ಸಿನ ಆರೋಗ್ಯದ ಬಗ್ಗೆ ನಿಮ್ಮಲ್ಲಿ ತಿಳಿವಳಿಕೇನೇ ಇಲ್ವಲ್ರೀ?”

“ಇಲ್ಲ ಮೇಡಂ” ಎಂದರು ಕೆಂಪರಾಜು.

ಯೋಜನೆ ಸೋತ ಲೈನಿನಿಂದ ನನ್ನನ್ನು ಕಿತ್ತು, ಗೆದ್ದ ಲೈನಿಗೆ ಎರಡನೇ ಬಿಲ್ಲೆಯಾಗಿ ವರ್ಗ ಮಾಡಿದರು. ಬೆನ್ನಿನ ಏಳರ ಮೇಲೆ ಒಂಬತ್ತೆಂದು ಚೀಟಿ ಅಂಟಿಸಿದರು. ಈಗ ನನಗೆ ವಯಸ್ಸಾಗಿದೆ. ಅಂಚು ಸವೆದಿದೆ, ದಾರ ಬೆವರಿಗೆ ಕಪ್ಪಾಗಿದೆ. ನಗು ಮಾತ್ರ ಮಾಸಿಲ್ಲ. ಇಲ್ಲಿ ನಲ್ಲಿಗೆ ಬಿಡುವೇ ಇಲ್ಲ. ಒಂಬತ್ತನೇ ಲೈನಿನ ಸೂಪರ್‌ವೈಸರ್ ಟೇಬಲ್ ಗಾಜಿನ ಕೆಳಗೂ ಏನೇನೋ ಚೀಟಿಗಳಿವೆ. ನನ್ನ ಮೊಳೆಯಿಂದ ಅವುಗಳ ಮೂಲೆ ಕಾಣುತ್ತದೆ.

ಈ ಸೂಪರ್‌ವೈಸರ್ ಇನ್ನೂ ಅತ್ತಿಲ್ಲ. ಕಾಯುತ್ತಿದ್ದೇನೆ.