ಅರ್ಧ ಬೀಡಿ

ಬೀಡಿ ಬಿಡುವುದು ಅಂಥ ಕಷ್ಟವೇನಲ್ಲ ಎಂದು ದೌಲಪ್ಪ ಈಗ ಯಾರ ಮುಂದೆ ಬೇಕಾದರೂ ಹೇಳಬಲ್ಲ. ಕಷ್ಟವೆಲ್ಲ ಇರುವುದು ಬೀಡಿಯ ಹಿಂದೆಯೇ ಎದ್ದುಹೋಗುವ ಮನುಷ್ಯನನ್ನು ಹಿಡಿದು ನಿಲ್ಲಿಸುವುದರಲ್ಲಿ.

ಅವನು ಬಾಳೆಹಣ್ಣಿನ ಟೆಂಪೋ ಓಡಿಸುವವನು. ಕಮಲಾಪುರದ ತೋಟದಿಂದ ಕೆಂಪು ಬಾಳೆಗೊನೆ ಹೇರಿಕೊಂಡು ಕಲಬುರಗಿಯ ಸೂಪರ್ ಮಾರ್ಕೆಟ್ಟಿನಲ್ಲಿ ಇಳಿಸುವುದು, ಸಂಜೆ ಗಾಜಿಪುರದ ಬಾಡಿಗೆ ಕೋಣೆಗೆ ಹೋಗಿ ತಾನೇ ರೊಟ್ಟಿ ತಟ್ಟಿಕೊಳ್ಳುವುದು. ಹೆಂಡತಿ ಅಂಬಮ್ಮ ತೀರಿಕೊಂಡ ಮೇಲೆ ಆ ಕೋಣೆಯಲ್ಲಿ ಸದ್ದು ಮಾಡುವುದು ಫ್ಯಾನ್ ಒಂದೇ. ಇಡೀ ದಿನದಲ್ಲಿ ಅವನು ಬಾಯ್ತುಂಬ ಮಾತಾಡುತ್ತಿದ್ದುದು ತೋಟದಲ್ಲಿ ಗೊನೆ ಕಡಿಯುವ ಮಾಪಣ್ಣನ ಜೊತೆ, ಅದೂ ಒಂದು ಬೀಡಿ ಉರಿಯುವಷ್ಟು ಹೊತ್ತು.

ಇಬ್ಬರಿಗೆ ಒಂದೇ ಬೀಡಿ. ಗೊನೆಗಳ ನಡುವೆ ಒಣಎಲೆ ತುರುಕಿ ಹಗ್ಗ ಬಿಗಿದಾದ ಮೇಲೆ ಮಾಪಣ್ಣ ಹಚ್ಚಿ ಅರ್ಧ ಸೇದುತ್ತಿದ್ದ, ಉಳಿದರ್ಧ ದೌಲಪ್ಪನದು. ಕೇಳುವವರಿಗೆ ಇದು ಸಣ್ಣ ಮಾತು. ಆದರೆ ಮಾಪಣ್ಣನ ಕೇರಿಯವರಿಗೆ ಹೋಟೆಲಿನಲ್ಲಿ ಚಹಾದ ಕಪ್ಪು ಬೇರೆ ಇಡುತ್ತಿದ್ದ ಕಾಲವನ್ನು ಇಬ್ಬರೂ ಕಂಡವರು. ಅಂಥಲ್ಲಿ ಲಿಂಗಾಯತರವನೊಬ್ಬ ಅವನ ಎಂಜಲು ಬೀಡಿಯನ್ನು ತುಟಿಗಿಡುವುದೆಂದರೆ ಹುಡುಗಾಟವಲ್ಲ. ದೌಲಪ್ಪನಿಗೆ ಇದರ ಬಗ್ಗೆ ಒಳಗೊಳಗೇ ಹೆಮ್ಮೆಯೂ ಇತ್ತು, ಸುಳ್ಳೇಕೆ. ಮಂದಿಯ ಮುಂದೆ 'ರೀ' ಹಚ್ಚಿ ಮಾತಾಡುವ ಮಾಪಣ್ಣ, ಬೀಡಿ ಹಚ್ಚಿದಾಗ ಮಾತ್ರ 'ನೀ' ಎನ್ನುತ್ತಿದ್ದ.

ಮಳೆಗಾಲದ ಕೊನೆಗೆ ಒಂದು ಮುಂಜಾನೆ ದೌಲಪ್ಪನ ಎದೆ ಹಿಂಡಿತು, ಎಡಗೈ ಜೋಮು ಹಿಡಿಯಿತು, ಅಂಗಿ ಬೆವರಿನಲ್ಲಿ ತೊಯ್ದಿತು. ವಾಯು ಎಂದುಕೊಂಡು ಸೋಡಾ ಕುಡಿದ ಮಹಾಶಯ. ಪಕ್ಕದ ಕೋಣೆಯ ಮಸ್ತಾನಬಿ ಬೈದು ಆಟೋ ಹತ್ತಿಸದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ದವಾಖಾನೆಯಲ್ಲಿ ಸ್ಟೆಂಟ್ ಹಾಕಿದ ಡಾಕ್ಟರಮ್ಮನೂ ಸಿಟ್ಟಿನವಳೇ.

"ಬೀಡಿ ಅಂದ್ರ ಬರೀ ಕೆಮ್ಮು ಅಂತ ತಿಳ್ಕೊಂಡೀರೇನು? ಹೊಗಿ ರಕ್ತದಾಗ ಹೋಗ್ತದರಿ. ರಕ್ತನಾಳದ ಒಳಗ ಗಾಯ ಮಾಡ್ತದ, ಅಲ್ಲೇ ಕೊಬ್ಬು ಕೂಡ್ತದ, ರಕ್ತ ಹೆಪ್ಪುಗಟ್ಟಿ ದಾರಿ ಬಂದ್ ಆಗ್ತದ. ದಿನಾ ಅರ್ಧ ಬೀಡಿ ಸೇದಿದ್ರ ಅರ್ಧ ರೋಗ ಬರ್ತದ ಅಂತಿಲ್ಲ. ಪೂರಾ ಬಿಡಬೇಕು."

ಬಿಟ್ಟ. ಆದರೆ ಯಾರಿಗೂ ಹೇಳಲಿಲ್ಲ. ಹೃದಯದ ರೋಗಿಯ ಕೈಗೆ ಗಾಡಿಯ ಮಾಲೀಕ ನೀಲಕಂಠ ಸಾವಕಾರ ಕೀಲಿ ಕೊಡುವವನಲ್ಲ. ಕಾಮಾಲೆಯೆಂದು ಸುಳ್ಳು ಹೇಳಿ ಮಲಗಿದ್ದು, ಡಾಕ್ಟರಮ್ಮ ಹೂಂ ಎಂದ ಮೇಲೆ ಗಾಡಿ ಹತ್ತಿದ. ಮಾಪಣ್ಣನಿಗೂ ಕಾಮಾಲೆ ಬಂದು ಪೂರಾ ವಾಸಿಯಾಯಿತೆಂಬ ಕಥೆಯನ್ನೇ ಹೇಳಿದ. ಮಾಪಣ್ಣನ ಬಾಯಿ ಊರಿಗೇ ಬಾಗಿಲು.

ಮೊದಲ ಲೋಡಿನ ದಿನ ಮಾಪಣ್ಣ ಖುಷಿಯಿಂದ ಬೀಡಿ ಹಚ್ಚಿ, ತನ್ನರ್ಧ ಮುಗಿಸಿ ಉಳಿದದ್ದನ್ನು ಚಾಚಿದ.

"ಬ್ಯಾಡ," ಎಂದ ದೌಲಪ್ಪ.

"ಯಾಕ?"

"ಸುಮ್ನ. ಬ್ಯಾಡ."

ಮಾಪಣ್ಣ ಬೀಡಿಯನ್ನು ನೋಡಿದ. ತನ್ನ ತುಟಿ ತಾಗಿದ ತುದಿಯನ್ನು ಹೆಗಲ ಮೇಲಿನ ಟವೆಲಿನಿಂದ ಒರೆಸಿ ಮತ್ತೆ ಚಾಚಿದ. ಹೇಳಿದರೆ ಗಾಡಿ ಹೋಗುತ್ತದೆ, ಸೇದಿದರೆ ಜೀವ ಹೋಗುತ್ತದೆ. ಅತ್ತ ದರಿ, ಇತ್ತ ಪುಲಿ. ದೌಲಪ್ಪ ಹಗ್ಗದ ಗಂಟನ್ನೇ ಮತ್ತೊಮ್ಮೆ ಎಳೆದು ನೋಡಿದ.

"ಲೋಡ್ ಆಗ್ಯಾದರಿ. ನೀವು ಹೊಂಡ್ರಿ," ಎಂದ ಮಾಪಣ್ಣ. ಸುತ್ತ ಯಾರೂ ಇರಲಿಲ್ಲ.

ಅಂದಿನಿಂದ ಹಗ್ಗ ಬಿಗಿಯಲು ಬೇರೆಯವರು ಬರತೊಡಗಿದರು. ದೌಲಪ್ಪ ಕ್ಯಾಬಿನ್ನಿನಲ್ಲಿ ಒಬ್ಬನೇ ಕುಳಿತು ಬಾಳೆಗಿಡಗಳ ನಡುವೆ ಏಳುವ ಹೊಗೆಯನ್ನು ನೋಡುತ್ತಿದ್ದ. ಗಾಜಿಪುರದ ಕೋಣೆಯಲ್ಲಿ ಗುಳಿಗೆ ನುಂಗುವಾಗ, ಉಳಿದ ಈ ಜೀವವನ್ನು ಯಾರ ಜೊತೆ ಕಳೆಯಬೇಕೆಂದು ತಿಳಿಯದೆ ಅಳು ಬರುತ್ತಿತ್ತು. ಕೊನೆಗೆ, ಗಾಡಿ ಹೋದರೆ ಹೋಗಲಿ ಎಂದು ಒಂದು ರವಿವಾರ ಮಾಪಣ್ಣನ ಮನೆಗೆ ಹೋದ.

ಮಾಪಣ್ಣ ಬಾಗಿಲ ಹೊರಗಿನ ಕಟ್ಟೆಯ ಮೇಲಿದ್ದ. ಅವನ ಹೆಂಡತಿ ಸಾಬಮ್ಮ ಬಾಗಿಲಲ್ಲಿ ಬಂದು ನಿಂತಳು. ದೌಲಪ್ಪ ಎಲ್ಲವನ್ನೂ ಹೇಳಿದ: ಎದೆನೋವು, ಸ್ಟೆಂಟು, ಕಾಮಾಲೆಯ ಸುಳ್ಳು, ಡಾಕ್ಟರಮ್ಮನ ಮಾತು.

"ನಿನ್ನ ಎಂಜಲಿಗೆ ಹೇಸಿ ಬ್ಯಾಡ ಅಂದಿದ್ದಲ್ಲೋ ಮಾಪಣ್ಣ. ಜೀವಕ್ಕಂಜಿ ಅಂದೆ. ಬೀಡಿ ನಿನಗೂ ಒಳ್ಳೇದಲ್ಲ."

ಮಾತಾಡಿದವಳು ಸಾಬಮ್ಮ.

"ಎಲ್ಲಾ ಖರೇ ಇರಬಹುದು ಅಣ್ಣಾ. ಆದ್ರ ಅಂಗಳದಾಗೇ ನಿಂತು ಹೇಳಾಕತ್ತೀರಲ್ಲ."

ದೌಲಪ್ಪ ತನ್ನ ಕಾಲುಗಳನ್ನು ನೋಡಿಕೊಂಡ. ಯಾರೂ ತಡೆದಿರಲಿಲ್ಲ. ಈ ಮನೆಯ ಹೊಸ್ತಿಲಿನಿಂದ ಎಷ್ಟು ದೂರ ನಿಲ್ಲಬೇಕೆಂಬುದು ಕಾಲಿಗೆ ತಾನಾಗಿಯೇ ಗೊತ್ತಿತ್ತು. ಬೀಡಿ ಹಂಚಿಕೊಂಡ ಅಷ್ಟೂ ವರ್ಷ ಗೊತ್ತಿತ್ತು. ನಾಚಿಕೆಯಿಂದ ಮುಖ ಬಿಸಿಯಾಯಿತು. ಚಪ್ಪಲಿ ಬಿಟ್ಟು ಒಳಗೆ ಹೋಗಿ ಚಾಪೆಯ ಮೇಲೆ ಕುಳಿತ. ಸಾಬಮ್ಮ ನೀರು ಕೊಟ್ಟಳು, ಕುಡಿದ.

ಮಾಪಣ್ಣ ಒಳಗೆ ಬರಲಿಲ್ಲ. ಕಿಸೆಯಿಂದ ಬೀಡಿ ತೆಗೆದು, ಒಳಗೆ ಕುಳಿತವನ ಎದೆಯ ಕಡೆ ಒಮ್ಮೆ ನೋಡಿ, ಎದ್ದು ಅಂಗಳ ದಾಟಿ, ರಸ್ತೆ ದಾಟಿ, ಆಚೆಯ ಬೇವಿನ ಗಿಡದ ಬುಡಕ್ಕೆ ಹೋದ.

"ಅಷ್ಟು ದೂರ ಯಾಕ ಹೋದ?"

"ನಿಮಗ ಹೊಗಿ ತಾಗಬಾರದಂತ," ಎಂದಳು ಸಾಬಮ್ಮ.

ಅದನ್ನು ಒಗೆದು ಬಾರೋ ಎಂದು ಕೂಗಬೇಕೆನಿಸಿತು ದೌಲಪ್ಪನಿಗೆ. ಹಾಗೆ ಕೂಗುವ ಹಕ್ಕು ತನಗಿನ್ನೂ ಬಂದಿಲ್ಲವೆನಿಸಿತು. ಗಿಡದ ಕೆಳಗೆ ಮಾಪಣ್ಣ ಆ ಕಡೆ ಮುಖಮಾಡಿ ಇಡೀ ಬೀಡಿಯನ್ನು ಒಬ್ಬನೇ ಸೇದಿದ.