ಮೇಷ್ಟ್ರ ಕೆಂಪು ಪೆನ್ಸಿಲು

ಕೊಟ್ಟ ವಸ್ತುವಿನ ಹಿಂದೆಯೇ ನಡೆದು ಬರುವುದು ಮೇಷ್ಟ್ರ ಮೊದಲ ಲಕ್ಷಣ. ಅವರ ಕೆಂಪು ಪೆನ್ಸಿಲನ್ನು ಅರೆಗಳಿಗೆಗೆಂದು ಪಡೆದು ನಾನು ನನ್ನ ಮೇಜಿಗೆ ಮರಳುವಷ್ಟರಲ್ಲಿ, ಮೊಣಕೈ ಸವೆದ ಬೂದುಬಣ್ಣದ ಕೋಟು, ಎಡಗಾಲನ್ನು ತುಸು ಎಳೆಯುವ ನಡಿಗೆ, ಮೂಗಿನ ತುದಿಗಿಳಿದ ಕನ್ನಡಕ, ಎಲ್ಲವೂ ಒಟ್ಟಾಗಿ ಬೆನ್ನ ಹಿಂದೆ ನಿಂತು "ಆಯ್ತೇನಪ್ಪಾ?" ಎನ್ನುತ್ತಿದ್ದವು. ನಿಘಂಟು ಕಚೇರಿಯಲ್ಲಿ ಕರಡು ತಿದ್ದುವುದಕ್ಕೆ ನನಗೆ ಸಂಬಳ. ತಿದ್ದಿದ್ದಕ್ಕಿಂತ ಹೊಸದಾಗಿ ಕೆಡಿಸಿದ್ದೇ ಹೆಚ್ಚಾದ್ದರಿಂದ ಆ ಪೆನ್ಸಿಲು ಪದೇ ಪದೇ ಬೇಕಾಗುತ್ತಿತ್ತು.

ಇಂಗ್ಲಿಷ್ ಕ್ರಿಯಾಪದಗಳಿಗೆ ಕನ್ನಡದಲ್ಲಿ ಅರ್ಥ ಬರೆಯುವ ಆ ಕಾರ್ಯದಲ್ಲಿ ಸಂಪಾದಕರಾದ ಮೇಷ್ಟ್ರದು ಕಠೋರ ವ್ರತ. ಪ್ರತಿ ಅರ್ಥಕ್ಕೂ ಜೀವಂತ ಮನುಷ್ಯನ ಬಾಯಿಂದ ಕಿವಿಯಾರೆ ಕೇಳಿದ, ಆ ಇಂಗ್ಲಿಷ್ ಪದವಿರುವ ವಾಕ್ಯವೊಂದು ಬೇಕು. ಕೇಳಿದವನು ಚೀಟಿ ಬರೆದು ಸಹಿ ಹಾಕಬೇಕು. ತಾನಾಡಿದ್ದನ್ನು ತಾನೇ ಬರೆದುಕೊಳ್ಳುವಂತಿಲ್ಲ. ಸಾಕ್ಷಿ ಸಿಗದ ಅರ್ಥಕ್ಕೆ ಕೆಂಪು ಗೀಟು.

'ಕೀಪ್' ಎಂಬ ಪದದ ಮೇಲೆ ಅವರಿಗೆ ವಿಶೇಷ ಮಮತೆ. ಹಳೆಯ ಇಂಗ್ಲಿಷಿನಲ್ಲಿ ಹಿಡಿ, ಗಮನಿಸು ಎಂಬ ಅರ್ಥಗಳಿಂದ ಹೊರಟ ಅದಕ್ಕೆ ಸೋದರಭಾಷೆಗಳಲ್ಲಿ ಖಚಿತವಾದ ಬಂಧುಗಳೇ ಪತ್ತೆಯಾಗಿಲ್ಲವಂತೆ. "ಪಾಪ, ದಿಕ್ಕಿಲ್ಲದ ಕೂಸು. ಆದ್ರೂ ನೋಡು, ಎಷ್ಟು ಮನೆ ಚಾಕರಿ ಮಾಡುತ್ತೆ!" ಎನ್ನುವರು. ಕೊಟ್ಟ ಮಾತು ಉಳಿಸಿಕೊಳ್ಳುವುದು, ಕೋಳಿ ಸಾಕುವುದು, ಗುಟ್ಟು ಕಾಯುವುದು, ಸುಮ್ಮನಿರುವುದು, ಎಲ್ಲಕ್ಕೂ ಸಾಕ್ಷಿ ದೊರೆತಿತ್ತು. ದೊರೆಯದಿದ್ದುದು ಒಂದೇ: ಇದು ಇನ್ನು ನಿನ್ನದೇ, ಇಟ್ಟುಕೋ ಎಂಬ ಅರ್ಥ. ನಮ್ಮ ಕಚೇರಿಯಲ್ಲಂತೂ ಯಾರೂ ಯಾರಿಗೂ ಗುಂಡುಸೂಜಿಯನ್ನೂ ಬಿಟ್ಟುಕೊಟ್ಟವರಲ್ಲ, ನಾನೂ ಸೇರಿ. 'ಕೀಪ್ ದ ಚೇಂಜ್' ಎಂದು ಚಿಲ್ಲರೆ ಬಿಟ್ಟುಹೋಗುವ ಧಾರಾಳಿ ಸಿಕ್ಕಾನೆಂದು ಮೇಷ್ಟ್ರು ಹೋಟೆಲಿನ ಗಲ್ಲಾದ ಬಳಿ ಸಂಜೆಗಟ್ಟಲೆ ನಿಂತು, ಕಾಫಿ ಕುಡಿದು ಕುಡಿದು ನಿದ್ದೆ ಕೆಡಿಸಿಕೊಂಡದ್ದೇ ಬಂತು.

ಕೊನೆಗೆ ಪುಟಗಳನ್ನು ಒಯ್ಯಲು ಅಚ್ಚಿನ ಮನೆಯವನು ಬಾಗಿಲಲ್ಲಿ ಬಂದು ನಿಂತ ದಿನವೇ ಮೇಷ್ಟ್ರ ನಿವೃತ್ತಿಯ ದಿನವೂ ಆಗಿತ್ತು. ಆ ಅರ್ಥದ ಮೇಲೆ ಪೆನ್ಸಿಲು ಹಿಡಿದ ಅವರ ಕೈ ಇಳಿಯಲೊಲ್ಲದು.

"ಕೊಡಿ ಸಾರ್, ಗೀಟು ನಾನೇ ಎಳೀತೀನಿ."

ಅವರು ಪೆನ್ಸಿಲನ್ನು ನನ್ನ ಕೈಗಿಟ್ಟು ಮುಖ ತಿರುಗಿಸಿದರು. "ತಗೋ. ಕೀಪ್ ಇಟ್. ನಾಳೆಯಿಂದ ನನಗ್ಯಾಕೆ ಅದು?"

ನಾನು ಗೀಟು ಎಳೆಯಲಿಲ್ಲ. ಚೀಟಿಯೊಂದನ್ನು ಎಳೆದುಕೊಂಡು ಬರೆದು, ಸಹಿ ಹಾಕಿ, ಅವರ ಮುಂದಿಟ್ಟೆ.

"ಇದು ನಡೆಯಲ್ಲಪ್ಪಾ, ನಾನೇ ಆಡಿದ್ದು."

"ಆಡಿದ್ದು ನೀವು. ಕೇಳಿದ್ದು ನಾನು."

ಅಚ್ಚಿನ ಮನೆಯವನು ಕೆಮ್ಮಿದ. ಮೇಷ್ಟ್ರು ಕನ್ನಡಕವನ್ನು ಮೇಲೇರಿಸಿ ಚೀಟಿಯನ್ನು ಎರಡೆರಡು ಸಲ ಓದಿದರು. "ಭಲೇ ಕಳ್ಳ ನೀನು! ಕೊಡಿಲ್ಲಿ" ಎಂದು ಪೆನ್ಸಿಲು ಕಿತ್ತುಕೊಂಡು, ಚೀಟಿಗೆ ಒಪ್ಪಿಗೆಯ ಗುರುತು ಹಾಕಿ, ಎಂದಿನ ಅಭ್ಯಾಸದಂತೆ ಪೆನ್ಸಿಲನ್ನು ಕೋಟಿನ ಕಿಸೆಗಿಳಿಸಿ, ಎಡಗಾಲನ್ನು ಎಳೆಯುತ್ತ ಮೆಟ್ಟಿಲಿಳಿದು ಹೋದರು. ನಾನು ಹಿಂದೆ ಹೋಗಿ ಕೇಳಲಿಲ್ಲ.

ಈಗಲೂ ಆ ಪುಟ ತೆರೆದರೆ ಅವರ ವಾಕ್ಯವಿದೆ, ನನ್ನ ಬಳಿ ಪೆನ್ಸಿಲಿಲ್ಲ. ಪದಗಳೊಡನೆ ಬಾಳಿದವರ ಜಾತಿಯೇ ಹೀಗೇನೋ. ಮೂರು ಕಾಸಿನ ವಸ್ತುವಿಗಾಗಿ ಇಡೀ ಕಚೇರಿ ಸುತ್ತುವ ಇವರು, ತಮ್ಮ ಆಯುಷ್ಯವನ್ನೇ ತಮ್ಮ ಹೆಸರೂ ಅಚ್ಚಾಗದ ಪುಟಗಳಿಗೆ ಕೊಟ್ಟುಬಿಟ್ಟು, ಅದನ್ನು ಮರಳಿ ಕೇಳಲು ಮಾತ್ರ ಒಮ್ಮೆಯೂ ಯಾರ ಹಿಂದೆಯೂ ನಡೆದು ಬರುವುದಿಲ್ಲ.