ವಿಭೂತಿ ಬಳಿದ ಕ್ಯಾಮೆರಾ

ಶೆಟ್ಟಿಕೆರೆಯಲ್ಲಿ ಸಿಸಿಟಿವಿ ಕ್ಯಾಮೆರಾ ಹಾಕುವವನು ನಾನು, ಜ್ಞಾನೇಶ. ಮೊಬೈಲ್ ರಿಪೇರಿ ಮಾಡುತ್ತೇನೆ, ಪಂಪಿಗೆ ಮೊಬೈಲ್ ಸ್ಟಾರ್ಟರ್ ಕೂರಿಸುತ್ತೇನೆ, ಪಾಸ್‌ವರ್ಡ್ ಮರೆತವರ ಬೈಗುಳವನ್ನೂ ಕೇಳಿಸಿಕೊಳ್ಳುತ್ತೇನೆ. ಇಷ್ಟು ವರ್ಷ ಈ ಕೆಲಸ ಮಾಡಿ ನಾನು ಕಂಡುಕೊಂಡದ್ದು ಒಂದೇ. ಯಂತ್ರ ಬಂದು ಕೂತ ಮನೆಯಿಂದ ಬುದ್ಧಿ ಎದ್ದು ಹೊರಗೆ ಹೋಗುತ್ತದೆ. ಅಲಾರಂ ಇಟ್ಟವನು ತಾನಾಗಿ ಏಳುವುದನ್ನು ಮರೆಯುತ್ತಾನೆ, ನಂಬರ್ ಸೇವ್ ಮಾಡಿಕೊಂಡವನಿಗೆ ಹೆಂಡತಿಯ ನಂಬರ್ ಬಾಯಿಗೆ ಬರುವುದಿಲ್ಲ. ಕ್ಯಾಮೆರಾ ಹಾಕಿಸಿದವನು ತನ್ನ ಕಣ್ಣನ್ನು ನಂಬುವುದು ಬಿಡುತ್ತಾನೆ. ಇದನ್ನು ಗಿರಾಕಿಗಳಿಗೆ ಹೇಳುವಂತಿಲ್ಲ, ನನ್ನ ಹೊಟ್ಟೆಪಾಡು.

ಸದಾಶಿವಯ್ಯನವರ ಕೊಬ್ಬರಿ ಮನೆಗೆ ಕ್ಯಾಮೆರಾ ಹಾಕಿದ್ದೂ ನಾನೇ. ಸದಾಶಿವಯ್ಯ ಕೆಟ್ಟ ಮನುಷ್ಯರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಅವರು ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಸಮಾಧಾನವಿರುತ್ತಿತ್ತು. ಸಾಕಷ್ಟು ತೋಟ, ತುಂಬಿದ ಅಟ್ಟ. ಅಟ್ಟದಲ್ಲಿ ವರ್ಷಪೂರ್ತಿ ಒಣಗಿದ ಕಾಯಿಯನ್ನು ಇಳಿಸಿ, ಸುಲಿದು, ಚಿಪ್ಪು ಒಡೆದು ಉಂಡೆ ಕೊಬ್ಬರಿ ತೆಗೆಯಲು ಅವರ ಮನೆಗೆ ಬರುತ್ತಿದ್ದವನು ಸಣ್ಣತಿಮ್ಮಯ್ಯ. ಕೆರೆ ಕೆಳಗಿನ ಹಟ್ಟಿಯವನು, ನನ್ನ ಅಪ್ಪನ ವಯಸ್ಸಿನವನು. ಕಾಯಿ ಒಡೆದವರು ಒಡೆದ ಚಿಪ್ಪಿನಲ್ಲಿ ಒಂದು ಚೀಲ ಒಲೆಗೆ ಹೊತ್ತುಕೊಂಡು ಹೋಗುವುದು ನಮ್ಮ ಕಡೆ ಹಿಂದಿನಿಂದ ಬಂದ ರೂಢಿ. ಕೊಡುವವರು ಲೆಕ್ಕ ಇಡುವುದಿಲ್ಲ, ಒಯ್ಯುವವರು ಕೇಳುವುದೂ ಇಲ್ಲ.

ಆಯುಧಪೂಜೆಯ ದಿನ ಸದಾಶಿವಯ್ಯನವರ ಮನೆಯಲ್ಲಿ ನಾನೂ ಇದ್ದೆ. ಟಿಲ್ಲರ್, ತಕ್ಕಡಿ, ಪಂಪಿನ ಸ್ಟಾರ್ಟರ್, ಗಿರಿಜಾಂಬಿಕಮ್ಮನವರ ಮಿಕ್ಸಿ, ಎಲ್ಲಕ್ಕೂ ವಿಭೂತಿ ಬಿತ್ತು. ಕೊನೆಗೆ ಸದಾಶಿವಯ್ಯ ಸ್ಟೂಲ್ ಹತ್ತಿ, ಮೂರು ಬೆರಳು ಅದ್ದಿ, ಕ್ಯಾಮೆರಾದ ಗಾಜಿನ ಮೇಲೆಯೇ ಅಡ್ಡಡ್ಡ ಎಳೆದರು.

"ಗಾಜಿಗೆ ಬೇಡ ಯಜಮಾನ್ರೆ, ಮೈಗೆ ಹಚ್ಚಿ. ಏನೂ ಕಾಣಲ್ಲ ಆಮೇಲೆ" ಎಂದೆ.

"ಮೂರನೇ ಕಣ್ಣು ಕಣಪ್ಪ ಅದು. ಈಶ್ವರಂಗೂ ಹಣೆಗೇ ಹಚ್ಚೋದು" ಎಂದು ನಕ್ಕರು.

ಪೂಜೆ ಮಾಡಿದ್ದನ್ನು ಒರೆಸಬಾರದು ಎಂದು ಆಮೇಲೆ ಯಾರೂ ಒರೆಸಲಿಲ್ಲ. ನಾನೂ ಊಟ ಮಾಡಿಕೊಂಡು ಬಂದೆ.

ಆಮೇಲಿನ ಮಂಗಳವಾರ ಮನೆಯವರೆಲ್ಲ ತುರುವೇಕೆರೆಗೆ ಒಂದು ಗೃಹಪ್ರವೇಶಕ್ಕೆ ಹೋಗಿದ್ದರು. ಸಂಜೆ ಬಂದು ನೋಡಿದರೆ ಕಟ್ಟಿಟ್ಟಿದ್ದ ಕೊಬ್ಬರಿ ಚೀಲವೊಂದು ಕಾಣೆ. ಅವರ ಮಗ ಉಜ್ವಲ್ ಮೊಬೈಲ್ ತೆಗೆದು, ಆವತ್ತಿನ ತಾರೀಖು ಒತ್ತಿ, ಹುಡುಕಿಯೇ ಬಿಟ್ಟ. ಸಣ್ಣತಿಮ್ಮಯ್ಯ ಚೀಲ ಹೊತ್ತು ಕೊಬ್ಬರಿ ಮನೆಯಿಂದ ಹೊರಗೆ ಬರುತ್ತಾನೆ, ಗೇಟು ದಾಟಿ ಹೋಗುತ್ತಾನೆ. ಮೂಲೆಯಲ್ಲಿ ತಾರೀಖು, ಗಂಟೆ, ನಿಮಿಷ ಎಲ್ಲ ಅಚ್ಚಾಗಿದೆ. ಉಜ್ವಲ್ ಅವನ ತಲೆ ಸುತ್ತ ಕೆಂಪು ಸುತ್ತು ಎಳೆದು ತೆಂಗು ಬೆಳೆಗಾರರ ವಾಟ್ಸಾಪ್ ಗ್ರೂಪಿಗೆ ಹಾಕಿದ. "ಇವನನ್ನು ತೋಟಕ್ಕೆ ಸೇರಿಸುವ ಮುಂಚೆ ಯೋಚಿಸಿ" ಎಂದು ಕೆಳಗೆ ಬರೆದ. ಪೊಲೀಸ್ ಕಂಪ್ಲೇಂಟ್ ಮಾತ್ರ ಬೇಡ, ಪಾಪ, ಎಂದರಂತೆ ಸದಾಶಿವಯ್ಯ. ಅದು ಅವರ ದೊಡ್ಡತನ.

ಆ ವಾರ ನಾನು ತಿಪಟೂರಿನಲ್ಲಿ ಒಂದು ಕಲ್ಯಾಣ ಮಂಟಪಕ್ಕೆ ಕ್ಯಾಮೆರಾ ಹಾಕುತ್ತ ಅಲ್ಲೇ ಉಳಿದಿದ್ದೆ. ಗ್ರೂಪುಗಳನ್ನೆಲ್ಲ ಮ್ಯೂಟ್ ಮಾಡಿ ನೆಮ್ಮದಿಯಾಗಿರುವವನು ನಾನು. ಊರಿಗೆ ಬಂದಾಗ ಟೀ ಅಂಗಡಿಯ ತೋಂಟದಾರ್ಯ ನಡೆದದ್ದನ್ನೆಲ್ಲ ಒಪ್ಪಿಸಿದ.

ಸಣ್ಣತಿಮ್ಮಯ್ಯನನ್ನು ಜಗುಲಿಗೆ ಕರೆಸಿ ವಿಡಿಯೋ ತೋರಿಸಿದರಂತೆ. "ಇದು ನೀನೇ ಅಲ್ವೇನ್ಲಾ?" ಎಂದು ಸದಾಶಿವಯ್ಯ ಕೇಳಿದ್ದಾರೆ.

"ನಾನೇ ಯಜಮಾನ್ರೆ. ಆದ್ರೆ ಅವತ್ತಿಂದಲ್ಲ ಇದು. ಅವತ್ತು ಜ್ವರ ಬಂದು ಮನೇಲಿ ಬಿದ್ಕಂಡಿದ್ದೆ. ಇದು ಚಿಪ್ಪಿನ ಚೀಲ, ಅಮ್ಮಾವ್ರೇ ಕೊಟ್ಟಿದ್ದು."

"ಚಿಪ್ಪು ಕೊಟ್ಟಿದ್ದು ನಿಜ ಕಣ್ರೀ" ಎಂದು ಗಿರಿಜಾಂಬಿಕಮ್ಮ ಹೇಳಿದ್ದಾರೆ. "ಯಾವತ್ತು ಅಂತ ನೆನಪಿಲ್ಲ."

"ಡೇಟು ಅಲ್ಲೇ ಐತಲ್ಲಮ್ಮ" ಎಂದನಂತೆ ಉಜ್ವಲ್. ಅಲ್ಲಿಗೆ ಮಾತು ಮುಗಿಯಿತು.

ನಮ್ಮೂರಲ್ಲಿ ಹಿಂದೆ ಇಂಥ ಮಾತು ಹಾಗೆ ಮುಗಿಯುತ್ತಿರಲಿಲ್ಲ. ಕೆರೆ ಏರಿಯ ಮೇಲೆ ಚೌಡಮ್ಮನ ಗುಡಿ ಇದೆ. ಕಳವಿನ ಆಪಾದನೆ ಬಂದವನು ಸ್ನಾನ ಮಾಡಿ ಒದ್ದೆ ಬಟ್ಟೆಯಲ್ಲಿ ಅಲ್ಲಿಗೆ ಹೋಗಿ, ಕರ್ಪೂರ ಹಚ್ಚಿ, ಅದನ್ನು ಅಂಗೈಯಿಂದ ಆರಿಸಿ ಆಣೆ ಮಾಡಬೇಕು. ಮಾಡಿದನೆಂದರೆ ಮುಗಿಯಿತು, ಅವನನ್ನು ಕಳ್ಳ ಎಂದವನ ನಾಲಿಗೆಗೇ ತೊಂದರೆ. ಈ ಆಣೆಯನ್ನು ನಾನು ಬೇಕಾದಷ್ಟು ಗೇಲಿ ಮಾಡಿದ್ದೇನೆ. ಕ್ಯಾಮೆರಾ ಮಾರುವಾಗ, "ಇನ್ಮೇಲೆ ಚೌಡಮ್ಮಂಗೆ ರಜ" ಎಂದು ಹೇಳುವುದು ನನ್ನ ಮಾಮೂಲಿ ಜೋಕು. ಸಣ್ಣತಿಮ್ಮಯ್ಯ ಆವತ್ತು ಜಗುಲಿಯ ಮುಂದೆ ಕೈ ಮುಗಿದು ಕೇಳಿದ್ದು ಅದೊಂದನ್ನೇ. "ಆಣೆ ಮಾಡ್ತೀನಿ, ಬನ್ನಿ ಯಜಮಾನ್ರೆ."

"ಕ್ಯಾಮೆರಾನೇ ಹೇಳ್ತಾ ಐತೆ. ದೇವ್ರನ್ನ ಯಾಕ್ಲಾ ಇದಕ್ಕೆ ಎಳೀತೀಯ, ಬುಡು" ಎಂದು ಸದಾಶಿವಯ್ಯ ಒಳಗೆ ಹೋಗಿಬಿಟ್ಟರಂತೆ.

ತೋಂಟದಾರ್ಯ ಇಷ್ಟನ್ನೂ ಹೇಳಿ ವಿಡಿಯೋ ತೋರಿಸಿದ. ನೋಡಿದೆ. ಚಿತ್ರ ಕನ್ನಡಿಯಂತೆ ಸ್ವಚ್ಛವಾಗಿತ್ತು. ಸಣ್ಣತಿಮ್ಮಯ್ಯನ ಲುಂಗಿಯ ಗೆರೆ ಕೂಡ ಎಣಿಸಬಹುದಿತ್ತು. ನನ್ನ ಕ್ಯಾಮೆರಾ ಎಷ್ಟು ಚೆನ್ನಾಗಿದೆ ಎಂದು ಒಂದು ಕ್ಷಣ ಹೆಮ್ಮೆಪಟ್ಟವನು ನಾನು. ಆಮೇಲೆ ಟೀ ಲೋಟ ಕೆಳಗಿಟ್ಟೆ. ವಿಭೂತಿ ಎಲ್ಲಿ?

ಬೈಕ್ ಹತ್ತಿ ಸದಾಶಿವಯ್ಯನವರ ಮನೆಗೆ ಹೋದೆ. ಟಿವಿ ಹಾಕಿ ನೋಡಿದರೆ ಅಂಗಳವೆಲ್ಲ ಬಿಳಿ ಮಂಜು. ಮೂರು ಅಡ್ಡ ಪಟ್ಟೆ, ಅದರ ಹಿಂದೆ ಏನೋ ಅಲ್ಲಾಡುತ್ತಿದೆ, ಹಸುವೋ ಮನುಷ್ಯರೋ ಗೊತ್ತಾಗುವುದಿಲ್ಲ. ಹಿಂದಕ್ಕೆ ಓಡಿಸಿದೆ. ಪೂಜೆಯ ದಿನ ಸದಾಶಿವಯ್ಯನವರ ಮುಖ ದೊಡ್ಡದಾಗಿ ಪರದೆ ತುಂಬ ಬರುತ್ತದೆ, ಮೂರು ಬೆರಳು ಬರುತ್ತವೆ, ಅಲ್ಲಿಂದ ಈಚೆಗೆ ಎಲ್ಲ ಮಂಜು. ಅಲ್ಲಿಂದ ಹಿಂದಕ್ಕೆ ಎಲ್ಲ ಸ್ವಚ್ಛ. ಸಣ್ಣತಿಮ್ಮಯ್ಯ ಚೀಲ ಹೊತ್ತು ಹೋಗುವುದು ಆ ಸ್ವಚ್ಛ ಭಾಗದಲ್ಲಿ, ಪೂಜೆಗಿಂತ ಮುಂಚೆ. ಕೊಬ್ಬರಿ ಚೀಲ ಕಳೆದದ್ದು ಪೂಜೆ ಆದ ಮೇಲೆ.

"ತಾರೀಖು ಯಾರು ಇಟ್ಟಿದ್ದು ಯಜಮಾನ್ರೆ?" ಎಂದು ಕೇಳಿದೆ. ರೆಕಾರ್ಡರ್ ಒಳಗಿನ ಪುಟ್ಟ ಸೆಲ್ ಸತ್ತು ಬಹಳ ದಿನವಾಗಿತ್ತು. ಹಾಕಿಸಿ ಎಂದು ನಾನು ಹೇಳುವುದು, ಮುಂದಿನ ತಿಂಗಳು ಎಂದು ಅವರು ಹೇಳುವುದು ನಡೆದೇ ಇತ್ತು. ಸೆಲ್ ಇಲ್ಲದಿದ್ದರೆ ಕರೆಂಟ್ ಹೋಗಿ ಬಂದಾಗಲೆಲ್ಲ ಗಡಿಯಾರ ಎಲ್ಲೋ ಹೋಗಿ ನಿಲ್ಲುತ್ತದೆ.

"ನಾನೇ ಇಟ್ಟೆ ಕಣಪ್ಪ. ಕ್ಯಾಲೆಂಡರ್ ನೋಡ್ಕಂಡೇ ಇಟ್ಟೆ."

ಗೋಡೆಯ ಮೇಲಿನ ಕ್ಯಾಲೆಂಡರ್ ಮುಂದೆ ಹೋಗಿ ನಿಂತರು. ಕನ್ನಡಕ ಹಾಕಿಕೊಂಡು, ವಾರದ ಸಾಲಿನ ಮೇಲೆ ಬೆರಳು ಸರಿಸಿ, ತಾವು ಅಂದು ಬೆರಳಿಟ್ಟ ಮನೆ ಯಾವುದೆಂದು ನೋಡಿದರು. ಸೋಮವಾರ, ಮಂಗಳವಾರದ ಲೆಕ್ಕ ಸರಿಯಾಗಿಯೇ ಇತ್ತು. ಬೆರಳು ಮಾತ್ರ ಪಕ್ಕದ ಮನೆಗೆ ಹೋಗಿತ್ತು. ಒಂದು ವಾರ ಮುಂದಕ್ಕೆ. ಹಿಂದಿನ ಮಂಗಳವಾರದ ಚಿತ್ರಕ್ಕೆ ಚೀಲ ಕಳೆದ ಮಂಗಳವಾರದ ತಾರೀಖು ಬಿದ್ದಿತ್ತು. ಸದಾಶಿವಯ್ಯ ಅಲ್ಲೇ ಕೆಳಗೆ ಕೂತರು. ಅಷ್ಟು ದೊಡ್ಡ ಮನುಷ್ಯ ಹಾಗೆ ನೆಲದ ಮೇಲೆ ಕೂತದ್ದನ್ನು ನಾನು ನೋಡಿರಲಿಲ್ಲ.

ನಿಜವಾಗಿ ಚೀಲ ಹೋದ ಮಂಗಳವಾರದ ಚಿತ್ರವನ್ನೂ ತೆಗೆದೆ. ಬಿಳಿ ಮಂಜಿನೊಳಗೆ ಒಂದು ಕಪ್ಪು ಆಕಾರ ಒಳಗೆ ಹೋಗುತ್ತದೆ, ಸ್ವಲ್ಪ ಹೊತ್ತಿಗೆ ದಪ್ಪವಾಗಿ ಹೊರಗೆ ಬರುತ್ತದೆ. ಅದು ಯಾರೂ ಆಗಬಹುದು, ನಾನೂ ಆಗಬಹುದು.

"ವಿಡಿಯೋ ತೆಗಿ, ಮೊದ್ಲು ಅದನ್ನ ತೆಗಿ" ಎಂದು ಸದಾಶಿವಯ್ಯ ಮಗನ ಮೇಲೆ ಕೂಗಾಡಿದರು. ಉಜ್ವಲ್ ಒತ್ತಿ ಒತ್ತಿ ನೋಡಿದ. ಎಲ್ಲರಿಗೂ ಅಳಿಸುವ ಗಡುವು ದಾಟಿಹೋಗಿತ್ತು, ಈಗ ಅಳಿಸಿದರೆ ಅವನ ಫೋನಿನಿಂದ ಮಾತ್ರ ಹೋಗುತ್ತದೆ. ಅದೂ ಅಲ್ಲದೆ ಅದು ಆ ಗ್ರೂಪಿನಿಂದ ಈ ಗ್ರೂಪಿಗೆ ಹಾರಿ, ಕಂದಿಕೆರೆಯಲ್ಲಿ ಸಣ್ಣತಿಮ್ಮಯ್ಯನ ಮಗಳ ಅತ್ತೆಯ ಫೋನಿನವರೆಗೂ ಮುಟ್ಟಿತ್ತು. ಬಾಣಂತನಕ್ಕೆ ತವರಿಗೆ ಕಳಿಸುತ್ತೇವೆ ಎಂದಿದ್ದವರು ಕಳ್ಳನ ಮನೆಗೆ ಕಳಿಸುವುದಿಲ್ಲ ಎಂದು ಹೇಳಿದ್ದಾರಂತೆ. ಇತ್ತ ಊರಲ್ಲಿ ಕಾಯಿ ಒಡೆಯಲು ಅವನನ್ನು ಯಾರೂ ಕರೆಯುತ್ತಿರಲಿಲ್ಲ.

ಸದಾಶಿವಯ್ಯ ಗ್ರೂಪಿನಲ್ಲಿ ತಾವೇ ಬರೆಸಿದರು. ನಮ್ಮಿಂದ ತಪ್ಪಾಗಿದೆ, ಸಣ್ಣತಿಮ್ಮಯ್ಯ ನಿರಪರಾಧಿ, ಕ್ಷಮೆ ಇರಲಿ. ಇಬ್ಬರು ಹೆಬ್ಬೆರಳು ಎತ್ತಿದರು. ಅದರ ಬೆನ್ನಿಗೇ ಯಾರದೋ ಮದುವೆಯ ಕರೆಯೋಲೆ ಬಂತು, ಕೊಬ್ಬರಿ ರೇಟು ಬಂತು, ಮಾತು ಮೇಲಕ್ಕೆ ಹೋಗಿ ಮರೆಯಾಯಿತು. ಆ ವಿಡಿಯೋವನ್ನು ಮುಂದಕ್ಕೆ ಕಳಿಸಿದ್ದ ಯಾರೊಬ್ಬರೂ ಈ ನಾಲ್ಕು ಸಾಲನ್ನು ಮುಂದಕ್ಕೆ ಕಳಿಸಲಿಲ್ಲ.

ನಾನು ಹಟ್ಟಿಗೆ ಹೋಗಿ ವಿಷಯ ಹೇಳಿದೆ. ಸಣ್ಣತಿಮ್ಮಯ್ಯ ಬಾಗಿಲಲ್ಲಿ ಕೂತಿದ್ದ. ಹೆಂಡತಿ ಸಿದ್ದಮ್ಮ ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದಳು.

"ಬರ್ದಿದ್ದನ್ನ ಯಾರು ಓದ್ತಾರಪ್ಪ" ಎಂದ. "ಎಲ್ಲಾರೂ ನೋಡಿದ್ದು ವಿಡಿಯೋ. ನಂಗೂ ವಿಡಿಯೋನೇ ಆಗ್ಬೇಕು. ನಾನು ಆಣೆ ಮಾಡ್ತೀನಿ, ನೀನು ಹಿಡ್ಕ. ಅದು ಎಲ್ಲೆಲ್ಲಿ ಹೋಯ್ತೋ ಇದೂ ಅಲ್ಲಿಗೆಲ್ಲ ಹೋಗ್ಲಿ."

"ಅಷ್ಟು ಮಾಡ್ಕೊಡಪ್ಪ" ಎಂದಳು ಸಿದ್ದಮ್ಮ. "ಮಗಳಿಗೆ ದಿನ ತುಂಬ್ತಾ ಬಂದೈತೆ."

ಲೆಕ್ಕಾಚಾರ ಸರಿ ಇದೆ ಎಂದೇ ನನಗೂ ಅನಿಸಿತು. ವಿಡಿಯೋಗೆ ವಿಡಿಯೋ. ತಾಂತ್ರಿಕವಾಗಿ ಯೋಚಿಸುವವನು ನಾನು, ನನಗೆ ಬೇರೆ ಏನೂ ಹೊಳೆಯಲಿಲ್ಲ.

ಮರುದಿನ ಬೆಳಿಗ್ಗೆ ಕೆರೆ ಏರಿಯ ಮೇಲೆ ಸೇರಿದೆವು. ಸದಾಶಿವಯ್ಯನವರೂ ಬಂದರು. ಬರಬೇಡಿ ಎಂದು ನಾನು ಹೇಳಿದ್ದರೂ ಬಂದು, ಗುಡಿಯ ಕಂಬದ ಪಕ್ಕ ಕೈ ಕಟ್ಟಿ ತಲೆ ತಗ್ಗಿಸಿ ನಿಂತರು. ಸಣ್ಣತಿಮ್ಮಯ್ಯ ಕೆರೆಯಲ್ಲಿ ಮುಳುಗಿ ಒದ್ದೆ ಪಂಚೆಯಲ್ಲೇ ಹತ್ತಿ ಬಂದ. ಕಲ್ಲಿನ ಮೇಲೆ ಇಡಬೇಕಾದ ಕರ್ಪೂರವನ್ನು ಬಲಗೈಯ ಅಂಗೈ ಮೇಲೆ ಇಟ್ಟುಕೊಂಡ. ಒಂದು ಬಿಲ್ಲೆಯಲ್ಲ, ಒಂದು ಹಿಡಿ.

"ಕಲ್ಲಿನ ಮೇಲೆ ಇಡು ತಿಮ್ಮಣ್ಣ" ಎಂದೆ.

"ಚೆನ್ನಾಗಿ ಕಾಣ್ಬೇಕಲ್ಲಪ್ಪ" ಎಂದ. "ನೀನು ಹಿಡ್ಕ."

ಹಚ್ಚಿಕೊಂಡ. "ಅವ್ವಾ ಚೌಡಮ್ಮ, ಆ ಕೊಬ್ಬರಿ ಚೀಲ ನಾನು ಮುಟ್ಟಿದ್ರೆ ಈ ಕೈ ಸೇದೋಗ್ಲಿ" ಎಂದು ಗಟ್ಟಿಯಾಗಿ ಹೇಳಿದ. ಅಷ್ಟಕ್ಕೇ ಆರಿಸಬೇಕಿತ್ತು. ಆರಿಸಲಿಲ್ಲ. ಫೋನಿನ ಕಡೆ ಕೈ ಚಾಚಿ ಹಾಗೇ ನಿಂತ. ಬೆಂಕಿ ಬೆರಳಿಗೆ ಇಳಿಯಿತು. ಸಾಕು ಎಂದು ನಾನು ಕೂಗಿದೆ, ಸದಾಶಿವಯ್ಯ ಓಡಿ ಬಂದು ತಮ್ಮ ಮೇಲುವಸ್ತ್ರ ಒತ್ತಿ ಆರಿಸಿದರು. ಸಣ್ಣತಿಮ್ಮಯ್ಯ ದೇವಿಯ ಮುಂದೆ ಕುಸಿದು, ಹಣೆ ಕಲ್ಲಿಗೆ ಒತ್ತಿ ಅತ್ತ. ಇಷ್ಟೂ ಹೊತ್ತು ನನ್ನ ಕೈಯಲ್ಲಿ ಫೋನು ಅಲ್ಲಾಡದೆ ನಿಂತಿತ್ತು. ಅದನ್ನು ನೆನೆದರೆ ಈಗಲೂ ನನ್ನ ಮೇಲೇ ಅಸಹ್ಯವಾಗುತ್ತದೆ.

ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟಿದರು. ಇನ್ನು ಮಚ್ಚು ಹಿಡಿಯುವುದು ಕಷ್ಟ ಎಂದರು. ನಾನು ವಿಡಿಯೋ ಹಾಕಿದೆ. ಈ ಸಲ ಅದು ಓಡಿತು, ಹಳೆಯದಕ್ಕಿಂತ ಜೋರಾಗಿ ಓಡಿತು. ನನಗೆ ಖುಷಿಯಾಯಿತು.

ಆ ವಾರವೇ ತೋಂಟದಾರ್ಯ ನನ್ನ ರಿಪೇರಿ ಅಂಗಡಿಗೆ ಬಂದ. "ನೋಡ್ದೇನ್ಲಾ ಜ್ಞಾನೇಶ, ಕೊನೆಗೂ ಒಪ್ಕಂಡ್ನಂತೆ" ಎಂದು ತನಗೆ ಬಂದದ್ದನ್ನು ನನ್ನ ಫೋನಿಗೆ ಕಳಿಸಿದ.

ನಾನು ಹಿಡಿದದ್ದೇ. ಮಾತನ್ನು ತೆಗೆದು ಯಾವುದೋ ಪಿಟೀಲು ಹಾಕಿದ್ದರು. ಸಣ್ಣತಿಮ್ಮಯ್ಯನ ಕೈ ಉರಿಯುತ್ತದೆ, ಹಿಂದೆ ಸದಾಶಿವಯ್ಯ ಕೈ ಕಟ್ಟಿ ನಿಂತಿದ್ದಾರೆ, ಸಣ್ಣತಿಮ್ಮಯ್ಯ ದೇವಿಯ ಪಾದಕ್ಕೆ ಬಿದ್ದು ಅಳುತ್ತಾನೆ. ಮೇಲೆ ಕೆಂಪಕ್ಷರದಲ್ಲಿ, "ಕೊಬ್ಬರಿ ಕಳ್ಳ ಚೌಡಮ್ಮನ ಮುಂದೆ ತಪ್ಪೊಪ್ಪಿಗೆ. ದೇವಿಯ ಶಿಕ್ಷೆಗೆ ಕೈ ಸುಟ್ಟಿತು. ತಪ್ಪದೆ ಶೇರ್ ಮಾಡಿ." ಯಾರು ಬರೆದರೋ ಗೊತ್ತಿಲ್ಲ. ಬರೆದವನು ಪೂರ್ತಿ ಸುಳ್ಳು ಬರೆದೆ ಎಂದುಕೊಂಡಿರಲಾರ. ಮಾತಿಲ್ಲದೆ ನೋಡಿದರೆ ನನಗೂ ಹಾಗೇ ಕಂಡಿತು.

ತೋಂಟದಾರ್ಯ ಹೋದ ಮೇಲೂ ನಾನು ಅದನ್ನೇ ನೋಡುತ್ತ ಕೂತಿದ್ದೆ. ಸಣ್ಣತಿಮ್ಮಯ್ಯ ಬಂದದ್ದು ಗೊತ್ತಾಗಲಿಲ್ಲ. ಕೈಗೆ ಪಟ್ಟಿ, ಮೈಮೇಲೆ ಒಗೆದ ಅಂಗಿ.

"ಅದೇ ಅಲ್ವಾ?" ಎಂದು ಪಕ್ಕಕ್ಕೆ ಬಂದ. ನಾನು ಸೌಂಡ್ ಆಫ್ ಮಾಡಿದೆ. ಅಷ್ಟು ಮಾಡಲು ಮಾತ್ರ ಸಮಯ ಸಿಕ್ಕಿತು. ಪೂರ್ತಿ ನೋಡಿದ.

"ಮಾತು ಕೇಳಿಸ್ತಿಲ್ವಲ್ಲಪ್ಪ."

"ಸ್ಪೀಕರ್ ಕೆಟ್ಟೋಗೈತೆ, ತಿಮ್ಮಣ್ಣ."

"ಅಳಿಯ ಫೋನ್ ಮಾಡಿದ್ದ. ವಿಡಿಯೋ ನೋಡ್ದೆ ಅಂದ. ಅಷ್ಟಂದು ಇಟ್ಬುಟ್ಟ. ಟವರ್ ಸಿಗ್ಲಿಲ್ವೇನೋ." ಎಡಗೈಯ ಬೆರಳನ್ನು ಪರದೆಯ ಮೇಲೆ, ಆ ಕೆಂಪಕ್ಷರದ ಮೇಲೆ ಇಟ್ಟ. ಅವನಿಗೆ ಓದಲು ಬರುವುದಿಲ್ಲ. "ಇದೇನಪ್ಪ ಬರ್ದವ್ರೆ?"

ಹೇಳಬೇಕಿತ್ತು. ಬಾಯಿ ತೆರೆದೆ.

"ನಿನ್ನ ಹೆಸರು" ಎಂದೆ.

ತಲೆ ಅಲ್ಲಾಡಿಸಿದ. ಎಷ್ಟೋ ದಿನದ ಮೇಲೆ ಅವನ ಮುಖ ಸಡಿಲವಾದದ್ದನ್ನು ಕಂಡೆ. "ಹಂಗಾದ್ರೆ ನಾಳೆ ಮೊದ್ಲ ಬಸ್ಸಿಗೇ ಕಂದಿಕೆರೆಗೆ ಹೋಗಿ ಬತ್ತೀನಿ. ಮಗಳನ್ನ ಕರ್ಕಂಡೇ ಬತ್ತೀನಿ" ಎಂದು ಹೇಳಿ, ಪಟ್ಟಿ ಕಟ್ಟಿದ ಕೈಯನ್ನು ಎದೆಗೆ ಅವಚಿಕೊಂಡು ಬಸ್ ಸ್ಟ್ಯಾಂಡ್ ಕಡೆ ಟೈಮು ಕೇಳಲು ನಡೆದ.